ಬಲಗೈ ಗೋಡೆಗೆ

ನಮ್ಮ ಕುಲುಮೆಯಲ್ಲಿ ತಯಾರಾದ ಪ್ರತಿಯೊಂದು ವಸ್ತುವಿನ ಬುಡದಲ್ಲೂ ಒಂದು ಪುಟ್ಟ ಗುರುತಿರುತ್ತದೆ. ಅಜ್ಜನ ಕಾಲದಲ್ಲಿ ಅದು ಅರ್ಧಚಂದ್ರ. ಅಪ್ಪನ ಕಾಲಕ್ಕೆ ಚಂದ್ರನ ಹೊಟ್ಟೆಯೊಳಗೆ ಒಂದು ಚುಕ್ಕೆ ಬಂದು ಕೂತಿತು. ನನ್ನದು ಗುಬ್ಬಿಯ ಹೆಜ್ಜೆ: ಮುಂದಕ್ಕೆ ಮೂರು ಗೀರು, ಹಿಂದಕ್ಕೊಂದು. ಉಕ್ಕಿನ ತುಂಡೊಂದರ ತುದಿಯನ್ನು ಅರದಿಂದ ಉಜ್ಜಿ ಉಜ್ಜಿ ಆ ಹೆಜ್ಜೆಯನ್ನು ನಾನೇ ಮೂಡಿಸಿ, ಹದ ಮಾಡಿ, ಹಳೆಯ ಕಾಲುಚೀಲದಲ್ಲಿ ಸುತ್ತಿ ಗೋಡೆಯ ಗೂಡಿನಲ್ಲಿಟ್ಟು ಎರಡು ವರ್ಷವಾಗಿತ್ತು. ಒಮ್ಮೆಯೂ ಅದನ್ನು ಕಬ್ಬಿಣದ ಮೇಲೆ ಒತ್ತಿರಲಿಲ್ಲ. ಅಪ್ಪನ ಕಟ್ಟಳೆ ಸರಳವಾಗಿತ್ತು. ಮೊದಲಿನಿಂದ ಕೊನೆಯವರೆಗೆ ಅವನ ಕೈ ತಾಗದೆ ಒಂದು ಕೆಲಸ ಅಂಗಡಿಯ ಹೊಸ್ತಿಲು ದಾಟಬೇಕು. ಅಲ್ಲಿಯವರೆಗೆ ಗುಬ್ಬಿ ಗೂಡಿನಲ್ಲೇ.

ತಪ್ಪು ನನ್ನದೇ. ನನಗೆ ಕೆಲಸ ಬರುವುದಿಲ್ಲವೆಂದಲ್ಲ. ಕೆಲಸದ ನಡುವೆ ನಾನು ಎಲ್ಲಿಗೋ ಹೋಗಿಬಿಡುತ್ತೇನೆ. ಅಜ್ಜಿಯ ಕಥೆ ಕೇಳಿ ಬೆಳೆದ ತಲೆ ಇದು. ಕುಲುಮೆಯ ಕೆಂಡ ಕಂಡರೆ ಅದರೊಳಗೊಂದು ಊರು ಕಾಣುತ್ತದೆ, ಊರಿಗೊಬ್ಬ ರಾಜ, ರಾಜನಿಗೆ ಹೇಳಿದ ಮಾತು ಕೇಳದ ಒಬ್ಬ ಮಗಳು. ಅವಳ ಹಿಂದೆ ನಾಲ್ಕು ಹೆಜ್ಜೆ ಹೋಗಿ ಬರುವಷ್ಟರಲ್ಲಿ ಸರಳಿನ ತುದಿ ಉರಿದು ಬಿಳಿ ಕಿಡಿ ಕಕ್ಕುತ್ತಿರುತ್ತದೆ. ಉರಿದ ಕಬ್ಬಿಣ ಒಡೆದ ಹಾಲಿದ್ದಂತೆ, ಮತ್ತೆ ಕೂಡಿಕೊಳ್ಳುವುದಿಲ್ಲ. ಆಗ ಅಪ್ಪ ಬೈಯುವುದಿಲ್ಲ. ಕಥೆಗಾರ್ತಿ ವಾಪಸ್ ಬಂದಳೇ ಎಂದು ವಿಚಾರಿಸಿ, ಸುಟ್ಟ ತುದಿಯನ್ನು ಕಡಿದು, ಉಳಿದದ್ದನ್ನು ತಾನೇ ಮುಗಿಸುತ್ತಾನೆ. ಅಲ್ಲಿಗೆ ಗುಬ್ಬಿಯ ಸರದಿ ಮತ್ತೆ ಮುಂದಕ್ಕೆ ಹೋಗುತ್ತದೆ.

ಹೀಗಿರುವಾಗ ಒಂದು ದಿನ ಹಿಂದಿನ ಬೀದಿಯ ಟೀಚರಮ್ಮ ಬಂದರು. ಅವರು ನಿವೃತ್ತರಾಗಿ ಎಷ್ಟೋ ವರ್ಷವಾಗಿದೆ. ನಮ್ಮ ಬೀದಿಯ ಅರ್ಧ ಜನರ ಕಿವಿ ಹಿಂಡಿದವರು, ಅಪ್ಪನದ್ದೂ ಸೇರಿ. ಅವರ ಮನೆಯ ಮೆಟ್ಟಿಲಿನ ಕಂಬಿಸಾಲು ಅಜ್ಜ ಮಾಡಿದ್ದು. ಹೆಬ್ಬೆರಳು ದಪ್ಪದ ಚೌಕ ಸರಳುಗಳು, ಪ್ರತಿಯೊಂದರ ನಡುವೆಯೂ ಒಂದು ಗೇಣುದ್ದ ತಿರುಚು. ನೆಲ ಒರೆಸಿದ ನೀರು ಇಳಿದು ಇಳಿದು, ಕೆಳಗಿನ ಹತ್ತು ಸರಳುಗಳಲ್ಲಿ ಮೂರಕ್ಕೆ ಬುಡದಲ್ಲಿ ತುಕ್ಕು ತಿಂದಿತ್ತಂತೆ. ಪೇಟೆಯಲ್ಲಿ ಸಿಗುವ ಪೈಪು ಹಾಕಿಸಿ ಎಂದು ಯಾರೋ ಹೇಳಿದ್ದಕ್ಕೆ, ಹಲ್ಲು ಬಿದ್ದರೆ ಕಡ್ಡಿ ಸಿಕ್ಕಿಸಿಕೊಳ್ತಾರಾ ಎಂದು ಕೇಳಿ ಬಂದಿದ್ದರು.

ಅಪ್ಪ ನನ್ನನ್ನು ಒಂದು ಗಳಿಗೆ ನೋಡಿದ.

"ಮೂರೂ ನಿಂದೇ," ಎಂದ. "ನಾನು ಅಲ್ಲಿಗೂ ಬರಲ್ಲ, ಇಲ್ಲೂ ನೋಡಲ್ಲ. ಎಲ್ಲಾ ಕೂರಿಸಿ ಬಣ್ಣ ಹೊಡೆದ ಮೇಲೆ ಬಂದು, ಕಣ್ಮುಚ್ಕೊಂಡು ಬೆರಳಾಡಿಸ್ತೀನಿ. ಯಾವ್ದು ನಿಂದು, ಯಾವ್ದು ನಮ್ಮಪ್ಪಂದು ಅಂತ ನಂಗೆ ಗೊತ್ತಾಗ್ಬಾರ್ದು. ಗೊತ್ತಾಗ್ಲಿಲ್ವೋ, ನಿನ್ ಗುಬ್ಬೀನ ಹಾರಿಸು."

ನಾನು ಅಂದೇ ಹೋಗಿ ಅಳತೆ ತೆಗೆದೆ. ಹಳೆಯ ಸರಳು ಕಳಚಿ ಕೊಟ್ಟಿದ್ದರೆ ಮಾದರಿಗೆ ಅದೇ ಸಾಕಿತ್ತು. ಆದರೆ ಟೀಚರಮ್ಮ ಒಪ್ಪಲಿಲ್ಲ. ಪಾಠಕ್ಕೆ ಬರುವ ಮಕ್ಕಳು ಸಂದು ಕಂಡರೆ ತಲೆ ತೂರಿಸುತ್ತಾರೆ, ಹೊಸದು ಬರುವ ತನಕ ಹಳೆಯದು ಅಲ್ಲೇ ಇರಲಿ ಎಂದರು. ಸರಿ, ಈ ಸಲ ಕನಸಿಗೆ ಜಾಗವನ್ನೇ ಕೊಡಬಾರದೆಂದು ಒಂದು ಜಾಣತನ ಮಾಡಿದೆ. ಎಣ್ಣೆಯಲ್ಲಿ ಕಲಸಿದ ಮಸಿಯನ್ನು ಒಂದು ಸರಳಿನ ತಿರುಚಿಗೆ ಸವರಿ, ಅದರ ಸುತ್ತ ಬಿಳಿ ಕಾಗದ ಸುತ್ತಿ ಒತ್ತಿದೆ. ಬಿಚ್ಚಿದಾಗ ಓರೆ ಗೆರೆಗಳ ಅಚ್ಚು ಮೂಡಿತ್ತು. ಎಷ್ಟು ಸುತ್ತು, ಸುತ್ತಿಗೂ ಸುತ್ತಿಗೂ ಎಷ್ಟು ಅಂತರ, ಎತ್ತ ಓರೆ, ಎಲ್ಲವೂ ಕಣ್ಣೆದುರಿಗೆ. ಸುತ್ತು ಐದು. ನನ್ನ ಬುದ್ಧಿಗೆ ನಾನೇ ತಲೆದೂಗಿದೆ.

ಮರುದಿನ ಕಾಗದವನ್ನು ಕುಲುಮೆಯ ಪಕ್ಕದ ಮೊಳೆಗೆ ತೂಗುಹಾಕಿ ಕೆಲಸಕ್ಕೆ ನಿಂತೆ. ಅಪ್ಪ ಬೆನ್ನು ತಿರುಗಿಸಿ ಯಾರದೋ ಗೇಟಿನ ಕೀಲು ಬಡಿಯುತ್ತಿದ್ದ. ನೋಡಿದರೆ ಬಾಯಿ ಸುಮ್ಮನಿರುವುದಿಲ್ಲ ಎಂದು ಅವನಿಗೂ ಗೊತ್ತು.

ತಿರುಚುವುದು ನೋಡುವುದಕ್ಕೆ ಆಟ. ಸರಳಿನ ನಡುವಿನ ಒಂದು ಗೇಣು ಒಂದೇ ಸಮನಾಗಿ ಕಾಯಬೇಕು. ಒಂದು ಕಡೆ ಹೆಚ್ಚು ಕೆಂಪಾದರೆ ಅಲ್ಲಿ ಬೇಗ ಹೊರಳುತ್ತದೆ, ಕಪ್ಪು ಉಳಿದ ಕಡೆ ಸೆಟೆದುಕೊಂಡೇ ಇರುತ್ತದೆ. ಕಿತ್ತಳೆ ಹಣ್ಣಿನ ಬಣ್ಣ ಬಂದ ಕೂಡಲೇ ತೆಗೆದು, ನೆಲದ ನಡುವೆ ಹೂತ ವೈಸಿನ ಕಬ್ಬಿಣದ ದವಡೆಯಲ್ಲಿ ಬುಡ ಕಚ್ಚಿಸಿ, ಮೇಲಿನ ತುದಿಗೆ ಎರಡು ಹಿಡಿಯ ತಿರುಗಣಿ ಸಿಕ್ಕಿಸಿ, ವೈಸಿನ ಸುತ್ತ ನಡೆಯಬೇಕು. ನಿಲ್ಲುವ ಹಾಗಿಲ್ಲ, ಓಡುವ ಹಾಗಿಲ್ಲ. ಎಲ್ಲಾದರೂ ತಿರುಚು ಅವಸರ ಮಾಡಿದರೆ ಅಲ್ಲಿಗಷ್ಟೇ ಮೂತಿಯ ಡಬ್ಬಿಯಿಂದ ಒಂದು ಗುಟುಕು ನೀರು.

ಸರಳು ಕೆಂಪೇರುತ್ತಿದ್ದಂತೆ ಅಜ್ಜಿಯ ಗೋಪುರದ ಕಥೆ ಎಂದಿನಂತೆ ಬಂದು ಬಾಗಿಲು ತಟ್ಟಿತು. ಐದು ಸುತ್ತಿನ ಕತ್ತಲ ಗೋಪುರ, ಅದರ ತುದಿಗೆ ದೀಪ ಒಯ್ಯಬೇಕಾದ ಒಬ್ಬ ಹುಡುಗಿ. ಬಲಗೈ ಗೋಡೆಗೆ, ಎಡಗೈ ದೀಪಕ್ಕೆ. ಸುತ್ತಿಗೊಂದು ಪ್ರಾಣಿ ಅಡ್ಡ ಮಲಗಿರುತ್ತದೆ. ಕಪ್ಪೆ, ಬೆಕ್ಕು, ಮೊಲ, ಗೂಬೆ, ಕೊನೆಗೊಂದು ಮುದಿ ಹಾವು. ಪ್ರತಿಯೊಂದೂ ಕೂತು ಹೋಗು ಎನ್ನುತ್ತದೆ. ಪ್ರತಿ ಸಲವೂ ಅವಳದ್ದು ಒಂದೇ ಉತ್ತರ: ದೀಪ ಆರೋದ್ರೊಳಗೆ ಹತ್ಬೇಕು, ದಾರಿ ಬಿಡು. ಕೇಳಿ ಕೇಳಿ ನನಗೆ ಆ ಮೆಟ್ಟಿಲುಗಳ ತಣ್ಣನೆಯ ವಾಸನೆ ಕೂಡ ಗೊತ್ತು. ಆದರೆ ಆ ದಿನ ನಾನು ಹಲ್ಲು ಕಚ್ಚಿ ಕಥೆಯನ್ನು ಹೊರಗೇ ನಿಲ್ಲಿಸಿದೆ. ಕಾಗದ ನೋಡಿದೆ, ಗೆರೆ ವಾಲಿದ ಕಡೆಗೆ ತಿರುಗಣಿ ಹಿಡಿದು ನಡೆದೆ. ಒಂದು, ಎರಡು, ಮೂರು, ನಾಲ್ಕು, ಐದು. ಮೂರು ಸರಳಿಗೂ ಅಷ್ಟೇ. ಒಂದೂ ಉರಿಯಲಿಲ್ಲ. ತಣಿದ ಮೇಲೆ ಬೆರಳಾಡಿಸಿದರೆ ಜಡೆ ಹೆಣೆದಷ್ಟು ಒಪ್ಪವಾಗಿತ್ತು.

ಮಧ್ಯಾಹ್ನ ಮೂರನ್ನೂ ಹೆಗಲ ಮೇಲೆ ಹೊತ್ತು ಟೀಚರಮ್ಮನ ಮನೆಗೆ ಹೋದೆ. ಕೂರಿಸುವ ಮೊದಲು ಒಂದನ್ನು ಅಜ್ಜನ ಸರಳಿನ ಪಕ್ಕದಲ್ಲಿ ಹಿಡಿದು ನೋಡಿದೆ. ಅಜ್ಜನ ಗೆರೆಗಳು ಎಡದಿಂದ ಬಲಕ್ಕೆ ಏರುತ್ತಿದ್ದವು. ನನ್ನವು ಬಲದಿಂದ ಎಡಕ್ಕೆ.

ತಲೆಕೆಳಗೆ ಹಿಡಿದಿದ್ದೇನೆ ಎಂದುಕೊಂಡೆ. ತಿರುಗಿಸಿ ಹಿಡಿದೆ. ಬಲದಿಂದ ಎಡಕ್ಕೇ. ಮತ್ತೆ ಬುಡ ಮೇಲೆ ಮಾಡಿದೆ. ಅದೇ. ಬೆನ್ನು ಬದಿಯಿಂದ ನೋಡಿದೆ. ಅದೇ. ತಿರುಚಿಗೆ ತಲೆಯೂ ಇಲ್ಲ, ಕಾಲೂ ಇಲ್ಲ. ಹೇಗೆ ನಿಲ್ಲಿಸಿದರೂ ತನ್ನ ಹಟವನ್ನೇ ಹಿಡಿಯುತ್ತದೆ. ಟೀಚರಮ್ಮ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದರು.

"ಪುಟ್ಟಿ, ಅದಕ್ಯಾಕೆ ಅಷ್ಟು ಸಲ ತಲೆಕೆಳಗೆ ನಿಲ್ಲೋ ಶಿಕ್ಷೆ? ಏನು ತಪ್ಪು ಮಾಡ್ತು?"

ತಪ್ಪು ಅದರದ್ದಲ್ಲ ಎಂದು ಹೇಳಿದೆ. ಅವರು ಕನ್ನಡಕ ಏರಿಸಿ, ಇಳಿಸಿ, ತಮಗೇನೂ ವ್ಯತ್ಯಾಸ ಕಾಣುತ್ತಿಲ್ಲ, ಕೂರಿಸಿಬಿಡು ಎಂದರು. ಕೂರಿಸಬಹುದಿತ್ತು. ಹತ್ತಿ ಇಳಿಯುವ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅಪ್ಪನ ಬೆರಳು ಮೊದಲ ಸ್ಪರ್ಶದಲ್ಲೇ ಹೇಳಿಬಿಡುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಸಾಲಾಗಿ ಒಂದು ಕಡೆ ಮುಖ ಮಾಡಿ ನಿಂತವರ ನಡುವೆ ನನ್ನ ಮೂವರು ಮಾತ್ರ ಮುನಿಸಿಕೊಂಡು ಆ ಕಡೆ ತಿರುಗಿದ್ದರು. ನಾಳೆ ಬರುತ್ತೇನೆಂದು ಹೇಳಿ ಮತ್ತೆ ಹೆಗಲಿಗೇರಿಸಿಕೊಂಡೆ. ಬರುವಾಗ ಹಗುರವಾಗಿದ್ದ ಕಬ್ಬಿಣ ಹೋಗುವಾಗ ಮಣ ಭಾರವಾಗಿತ್ತು.

ಕುಲುಮೆಯ ಹಿಂದೆಯೇ ನಮ್ಮ ಮನೆ. ಅಡುಗೆಮನೆಯ ಬಾಗಿಲಲ್ಲಿ ಅಜ್ಜಿ ತನ್ನ ಬೆಂಚಿನ ಮೇಲೆ ಕೂತಿದ್ದಳು. ಕಣ್ಣು ಮಬ್ಬಾಗಿ ನಾಲ್ಕು ವರ್ಷವಾದರೂ ನನ್ನ ನಡಿಗೆಯಿಂದಲೇ ಮುಖ ಓದುತ್ತಾಳೆ. ಕೈಚಾಚಿದಳು. ನಾನು ಒಂದು ಸರಳನ್ನು ಅವಳ ಮಡಿಲಿಗಿಟ್ಟೆ. ಹೆಬ್ಬೆರಳಿನಿಂದ ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ತಡವಿದಳು.

"ಕೈ ಚೆನ್ನಾಗಿದೆ," ಎಂದಳು. "ಆದ್ರೆ ಯಾರೇ ಇವ್ಳು, ಎಡಗೈ ಗೋಡೆಗಿಟ್ಟು ಗೋಪುರ ಹತ್ತಿದೋಳು?"

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಅಜ್ಜಿ ಹೇಳಿದ್ದು ಹೀಗೆ. ಅಜ್ಜನಿಗೆ ಎಣಿಸಲು ಬರುತ್ತಿರಲಿಲ್ಲವೆಂದಲ್ಲ. ಆದರೆ ಮಾತಿನ ಚಟ. ಮೂರು ಎನ್ನುವಷ್ಟರಲ್ಲಿ ದಾರಿಹೋಕರು ಯಾರಾದರೂ ಬಾಗಿಲಲ್ಲಿ ನಿಂತು ಏನ್ ಸಮಾಚಾರ ಎಂದರೆ ಮುಗಿಯಿತು, ನಾಲ್ಕೂ ಹೋಯಿತು, ಐದೂ ಹೋಯಿತು. ತಿದಿ ಒತ್ತುತ್ತಿದ್ದ ಅಜ್ಜಿಗೆ ರೇಗಿ ಹೋಗಿ, ಅವನು ನಡೆಯುವಾಗ ಗಟ್ಟಿಯಾಗಿ ಕಥೆ ಹೇಳಲು ಶುರುಮಾಡಿದಳು. ಲೆಕ್ಕದ ನಡುವೆ ಯಾರು ಬೇಕಾದರೂ ಬಾಯಿ ಹಾಕುತ್ತಾರೆ, ಕಥೆಯ ನಡುವೆ ಯಾರೂ ಹಾಕುವುದಿಲ್ಲ. ವೈಸು ಎಡಕ್ಕಿದ್ದರೆ ಬಲಗೈ ಗೋಡೆಯ ಕಡೆಗೆ, ಹಾಗೆ ನಡೆದರೆ ಗೆರೆ ಎಡದಿಂದ ಬಲಕ್ಕೇ ಏರುತ್ತದೆ. ಪ್ರಾಣಿಗೊಂದು ಸುತ್ತು. ದೀಪ ಆರುವುದರೊಳಗೆ ಎಂದರೆ ಕಾವು ಆರುವುದರೊಳಗೆ.

"ನಿಂಗೆ ನಿದ್ದೆ ಬರ್ಲಿ ಅಂತ ಹೇಳಿದ ಕಥೆ ಅಂದ್ಕೊಂಡ್ಯಾ?" ಎಂದು ಕೇಳಿದಳು. "ಅದು ನಿಮ್ಮಜ್ಜನ್ನ ಎಚ್ಚರವಾಗಿಡೋಕೆ ಹುಟ್ಟಿದ್ದು."

ಮಾತು ಕೇಳಿ ಅಪ್ಪ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಿಗೆ ಒರಗಿದ. ಕಾಗದ ತರಿಸಿಕೊಂಡ. ಅದನ್ನು ಮಗುಚಿ ಕಿಟಕಿಯ ಬೆಳಕಿಗೆ ಹಿಡಿದ. ಹಿಂಬದಿಯಿಂದ ಕಂಡ ಗೆರೆಗಳು ಎಡದಿಂದ ಬಲಕ್ಕೆ ಏರುತ್ತಿದ್ದವು, ಥೇಟ್ ಅಜ್ಜನವು. ಸರಳನ್ನು ಅಪ್ಪಿದ್ದ ಕಾಗದದ ಒಳಮೈಯನ್ನು ನಾನು ಬಿಚ್ಚಿ ನೋಡಿದ್ದೆ. ಮುದ್ರೆ ಒತ್ತುವ ಮನೆಯಲ್ಲಿ ಹುಟ್ಟಿಯೂ, ಒತ್ತಿದ್ದು ಮಗುಚಿ ಮೂಡುತ್ತದೆ ಎನ್ನುವುದನ್ನು ಮರೆತಿದ್ದೆ.

ಗೋಪುರದ ಕಥೆ ನಿನಗೂ ಹೇಳಿದ್ದಾಳೆ ತಾನೇ, ನಿನಗೇಕೆ ಈ ಗುಟ್ಟು ಗೊತ್ತಿಲ್ಲ ಎಂದು ಅಪ್ಪನನ್ನು ಕೇಳಿದೆ.

"ಇವ್ನಾ?" ಎಂದಳು ಅಜ್ಜಿ. "ಬೆಕ್ಕು ಬರೋಷ್ಟ್ರಲ್ಲಿ ಗೊರಕೆ."

ಅಪ್ಪ ಅಲ್ಲಗಳೆಯಲಿಲ್ಲ. ತಾನು ಪಕ್ಕದಲ್ಲಿ ನಿಂತು ಕಣ್ಣಿನಲ್ಲೇ ಕಲಿತದ್ದು ಎಂದ. ಹೊಸ ಸರಳು ಮೂಲೆಯಲ್ಲಿದೆ ಎಂದೂ ಹೇಳಿದ. ನನ್ನ ಕಣ್ಣು ಅವನ ಕೈಯಲ್ಲಿದ್ದ ಕಾಗದದ ಮೇಲಿತ್ತು. "ಕಾಗದ ತಾನೇ ಮುಟ್ಟಿದ್ದು," ಎಂದ. "ಕಬ್ಬಿಣ ಮುಟ್ಟಿಲ್ಲ. ನಮ್ ಮಾತು ಹಂಗೇ ಇದೆ."

ಮರುದಿನ ಬೆಳಿಗ್ಗೆ ಅಜ್ಜಿಯ ಬೆಂಚನ್ನು ಕುಲುಮೆಯ ಬಾಗಿಲಿಗೆ ತಂದು ಹಾಕಿದೆ. ಎಷ್ಟೋ ವರ್ಷಗಳ ನಂತರ ಅವಳು ಅಲ್ಲಿ ಕೂತದ್ದು. ನೀರಿನ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡಳು, ಚೆಲ್ಲುವುದಕ್ಕಲ್ಲ, ಅಭ್ಯಾಸಕ್ಕೆ. ಸರಳಿಗೆ ಕಿತ್ತಳೆ ಬಣ್ಣ ಬಂತು. ವೈಸಿಗೆ ಕಚ್ಚಿಸಿ ತಿರುಗಣಿ ಹಿಡಿದೆ. ಬಲಗೈ ಗೋಡೆಯ ಕಡೆಗೆ. ಅಜ್ಜಿ ಶುರುಮಾಡಿದಳು, ನಾನು ನಡೆದೆ.

ಈ ಸಲ ಕಥೆಯನ್ನು ತಡೆಯಲಿಲ್ಲ. ಬಾಗಿಲು ಹಾರುಹೊಡೆದು ಒಳಗೆ ಬಿಟ್ಟೆ. ಕಪ್ಪೆ ದಾರಿ ಬಿಟ್ಟಿತು, ಬೆಕ್ಕು ಬಾಲ ಎತ್ತಿಕೊಂಡಿತು. ನನ್ನ ಕೈಕೆಳಗೆ ಕಬ್ಬಿಣ ಮೆತ್ತಗೆ, ಮಾತು ಕೇಳುವ ಕೂದಲಿನ ಹಾಗೆ ಹೊರಳುತ್ತಿತ್ತು. ಮೊಲದ ಹತ್ತಿರ ಒಂದು ಕಡೆ ಅವಸರ ಮಾಡಿತು. ನಾನು ಕೇಳುವ ಮೊದಲೇ ಅಜ್ಜಿ ಡಬ್ಬಿ ಚಾಚಿದ್ದಳು. ಕಣ್ಣು ಕಾಣದವಳಿಗೆ ನನ್ನ ಹೆಜ್ಜೆಯ ಸದ್ದು ಸಾಕಿತ್ತು. ಒಂದು ಗುಟುಕು ನೀರು, ಚುಯ್ಯ್ ಎಂದಿತು, ಸಮನಾಯಿತು. ಗೂಬೆ. ಮುದಿ ಹಾವು. ದೀಪ ಆರುವುದರೊಳಗೆ ತುದಿ ಮುಟ್ಟಿದ್ದೆ. ಕಬ್ಬಿಣದಲ್ಲಿ ಇನ್ನೂ ಒಂದಿಷ್ಟು ಕೆಂಪು ಉಳಿದಿತ್ತು. ನಾನು ಎಲ್ಲಿಗೋ ಹೋಗಿದ್ದೆ, ನಿಜ. ಆದರೆ ಹೋದಲ್ಲೇ ಕೆಲಸವೂ ಇತ್ತು.

ಮೂರನೆಯ ಸರಳು ಮುಗಿದಾಗ ಗೇಟಿನ ಕೀಲಿನ ಸದ್ದು ಯಾವಾಗಲೋ ನಿಂತಿತ್ತೆಂದು ಗಮನಿಸಿದೆ. ಅಪ್ಪ ಬೆನ್ನು ಈ ಕಡೆಗೇ ಹಾಕಿಕೊಂಡು, ಸುತ್ತಿಗೆ ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದ. ತುದಿಯಲ್ಲಿ ದೀಪ ಇಟ್ಟ ಮೇಲೆ ಹುಡುಗಿ ಏನು ಮಾಡಿದಳು ಎಂದು ಕೇಳಿದ.

"ಏನ್ ಮಾಡ್ತಾಳೆ, ಇಳಿದು ಬಂದ್ಲು," ಎಂದಳು ಅಜ್ಜಿ. "ಊಟದ ಹೊತ್ತಾಗಿತ್ತು."

ಐವತ್ತು ವರ್ಷ ಕಾದು ಕೇಳಿದ ಕೊನೆ ಇಷ್ಟೇನಾ ಎಂದು ಅಪ್ಪ ಗೊಣಗಿದ.

ಸರಳುಗಳನ್ನು ಎರಡನೆಯ, ಐದನೆಯ ಮತ್ತು ಒಂಬತ್ತನೆಯ ಜಾಗದಲ್ಲಿ ಕೂರಿಸಿದೆ. ಇಡೀ ಸಾಲಿಗೆ ಹಸಿರು ಬಣ್ಣ ಹೊಡೆದೆ, ಎರಡು ಕೈ. ಒಣಗಿದ ಮೇಲೆ ಅಪ್ಪ ಬಂದ. ಟೀಚರಮ್ಮ ತಾವೇ ತಮ್ಮ ಸೆರಗಿನ ತುದಿಯಿಂದ ಅವನ ಕಣ್ಣು ಮುಚ್ಚಿದರು. ಕದ್ದು ನೋಡುವ ಬುದ್ಧಿ ಮೂರನೇ ತರಗತಿಯಿಂದಲೂ ಇದೆ ಎಂದರು. ಅವನು ಒಂದೊಂದೇ ಮೆಟ್ಟಿಲು ಹತ್ತುತ್ತಾ ಒಂದೊಂದೇ ಸರಳಿನ ತಿರುಚನ್ನು ತಡವುತ್ತಾ ಹೋದ. ಎರಡನೆಯದನ್ನು ದಾಟಿದ. ಐದನೆಯದರಲ್ಲಿ ಬೆರಳು ಸ್ವಲ್ಪ ನಿಂತಿತು. ಅದನ್ನೂ ದಾಟಿದ. ಏಳನೆಯದಕ್ಕೆ ಬಂದು ಎರಡು ಸಲ ಮೇಲೆ ಕೆಳಗೆ ಸವರಿ ತಲೆಯಾಡಿಸಿದ.

"ಇದು ನಿಂದು. ನಡುವೆ ಆತುರ ಬಿದ್ದಿದೀಯ."

"ಅದು ನಿಮ್ಮಪ್ಪಂದು ಕಣೋ," ಎಂದರು ಟೀಚರಮ್ಮ.

ಅಪ್ಪ ಸೆರಗು ಸರಿಸಿ ಆ ಸರಳನ್ನೇ ಬಹಳ ಹೊತ್ತು ನೋಡಿದ. ನಗು ಮೊದಲು ಮೀಸೆಗೆ ಬಂತು. ಆವತ್ತು ತನ್ನಮ್ಮ ಒಲೆ ಮೇಲೆ ಏನೋ ಇಟ್ಟು ಬಂದು ಕಥೆ ಬೇಗ ಮುಗಿಸಿರಬೇಕು ಎಂದ. ಆಮೇಲೆ ತನ್ನ ಸುತ್ತಿಗೆಯನ್ನು ತಿರುಗಿಸಿ, ಹಿಡಿಯನ್ನು ನನ್ನ ಕಡೆ ಮಾಡಿ ಚಾಚಿದ.

ನಾನು ಕಾಲುಚೀಲ ಬಿಚ್ಚಿದೆ. ಎರಡನೆಯ ಸರಳಿನ ಬುಡಕ್ಕೆ ಉಕ್ಕಿನ ತುದಿ ಇಟ್ಟು ಒಂದೇ ಏಟು. ಹಸಿರು ಚೂರಾಗಿ ಸಿಡಿದು, ಬೆಳ್ಳಗೆ ಗುಬ್ಬಿಯ ಹೆಜ್ಜೆ ಮೂಡಿತು. ಆಮೇಲೆ ಐದನೆಯದಕ್ಕೆ, ಒಂಬತ್ತನೆಯದಕ್ಕೆ. ಮೂರೂ ಹೆಜ್ಜೆಗಳು ಮೆಟ್ಟಿಲು ಹತ್ತುವ ಕಡೆಗೆ ಮುಖ ಮಾಡಿದ್ದವು.

ಎಡಗೈ ಗೋಡೆಗಿಟ್ಟು ಹತ್ತಿದ ಆ ಮೊದಲಿನ ಮೂವರು ಕುಲುಮೆಯ ಮೂಲೆಯಲ್ಲಿದ್ದಾರೆ. ಎರಡು ಬಾಗಿಲಿನ ಗೇಟು ಯಾರಾದರೂ ಮಾಡಿಸಲು ಬಂದರೆ ಜೋಡಿ ಎದುರುಬದುರು ಕಾಣಲು ಒಂದು ಬಾಗಿಲಿಗೆ ಇಂಥವೇ ಬೇಕಾಗುತ್ತವೆ ಎಂದು ಅಪ್ಪ ಹೇಳಿದ್ದಾನೆ. ಅಜ್ಜಿ ಈಗ ಅವರಿಗೊಂದು ಕಥೆ ಕಟ್ಟುತ್ತಿದ್ದಾಳೆ.