ಪ್ರಾರ್ಥನೆಯಿಲ್ಲದ ಮಣ್ಣು

೧೬೬೦ರ ಡಿಸೆಂಬರ್ ೧೧, ಬೆಳಗಿನ ಹತ್ತು ಗಂಟೆ. ಗರ್ಷೋಮ್ ಪೆಲ್‌ನ ಶವದ ಪೆಟ್ಟಿಗೆಯನ್ನು ನಾಲ್ವರು ಹಗ್ಗ ಹಿಡಿದು ಗುಂಡಿಗೆ ಇಳಿಸುತ್ತಿದ್ದರು. ಒಂದು ಕಡೆ ಹಗ್ಗ ಜಾರಿ ಪೆಟ್ಟಿಗೆ ಓರೆಯಾಯಿತು.

"ಮೆತ್ತಗೆ ಬಿಡ್ರೋ," ಎಂದ ಗುಂಡಿ ತೋಡಿದ ಈಲೈ. "ಜೀವಮಾನವೆಲ್ಲ ಪೀಪಾಯಿ ಮಾಡ್ದೋನು. ಪೀಪಾಯಲ್ಲೇ ಹಾಕಿದ್ರೆ ಉರುಳಿಸ್ಕೊಂಡು ಬರಬೋದಿತ್ತು."

ವಿಧವೆ ಮೆಹಿಟಬೆಲ್‌ಗೆ ಅದು ಕೇಳಿಸಲಿಲ್ಲ. ಅವಳ ಕಣ್ಣು ಹಗ್ಗ ಹಿಡಿದಿದ್ದ ಗಡ್ಡದವನ ಮೇಲಿತ್ತು. ಪಕ್ಕದೂರಿನ ಮರದ ವ್ಯಾಪಾರಿ ಎಂದು ಎಲ್ಲರಿಗೂ ಹೇಳಿದ್ದಳು. ಅವನು ಅವಳ ಮಗ ಜೋಥಮ್. ಕ್ವೇಕರ್ ಎಂಬ ಹೊಸ ಕ್ರೈಸ್ತ ಪಂಥಕ್ಕೆ ಸೇರಿದ್ದಕ್ಕೆ ಸೆರೆಮನೆಯಿಂದಲೇ ಗಡೀಪಾರಾದವನು. ಮರಳಿ ಬಂದು ಸಿಕ್ಕಿದರೆ ನೇಣು. ಬೆಳಗ್ಗೆ ಒಲೆಯ ಮುಂದೆ ಕೂತಾಗಲೂ ಅವನು ಕಿವಿ ಮುಚ್ಚುವಂತೆ ಎಳೆದುಕೊಂಡ ಟೋಪಿ ತೆಗೆದಿರಲಿಲ್ಲ.

ಪೆಟ್ಟಿಗೆ ತಳ ಮುಟ್ಟಿದಾಗ ನ್ಯಾಯಾಧೀಶ ಥ್ರೂಪ್ ಬಂದ. ಎಲ್ಲರ ಟೋಪಿಗಳೂ ಕೆಳಗಿಳಿದವು, ಒಂದರ ಹೊರತು.

"ಏನಪ್ಪಾ ವ್ಯಾಪಾರಿ, ಟೋಪಿ ತಲೆಗೆ ಅಂಟ್ಕೊಂಡಿದೆಯಾ?"

"ನೆಗಡಿ ಸ್ವಾಮಿ ಅವನಿಗೆ," ಎಂದಳು ಮೆಹಿಟಬೆಲ್.

"ನೆಗಡಿ ಊರಿಗೆಲ್ಲ ಇದೆ ಕಣಮ್ಮ."

ಕ್ವೇಕರ್ ಜನ ಯಾವ ಮನುಷ್ಯನಿಗೂ ಟೋಪಿ ತೆಗೆಯುವುದಿಲ್ಲ. ದೇವರನ್ನು ಪ್ರಾರ್ಥಿಸುವಾಗ ಮಾತ್ರ ತೆಗೆಯುತ್ತಾರೆ. ಈ ಊರಿನಲ್ಲೋ ಗೋರಿಯ ಮುಂದೆ ಪ್ರಾರ್ಥನೆ ನಿಷಿದ್ಧ. ಅದು ಪೋಪನ ಕಡೆಯ ಕ್ಯಾಥೊಲಿಕರ ಪದ್ಧತಿ ಎಂದು ಇಲ್ಲಿಯವರ ಹಠ. ತುಟಿ ಬಿಚ್ಚದೆ ಮಣ್ಣು ಹಾಕಿ ಹೋಗಬೇಕು.

ಊರಿನ ಪೇದೆ ದೊಣ್ಣೆ ಎತ್ತಿಕೊಂಡ.

*

ಎರಡು ವರ್ಷದ ಹಿಂದೆ ಪೇದೆಯ ಸರದಿ ಗರ್ಷೋಮ್‌ನದಾಗಿತ್ತು. ಜೋಥಮ್‌ನ ಬಲಗಿವಿ ಕುಯ್ಯಬೇಕೆಂದು ಕೋರ್ಟು ಹೇಳಿತು. ಸೆರೆಮನೆಯ ಬಾಗಿಲು ಮುಚ್ಚಿಕೊಂಡು ಪೇದೆಯೇ ಮಾಡಬೇಕಾದ ಕೆಲಸ. ಮನೆಗೆ ಬಂದ ಗರ್ಷೋಮ್ ತೊಟ್ಟಿಯ ಬಳಿ ಕೂತು ಉಗುರಿನ ಸಂದು ತಿಕ್ಕಿದ.

"ಕುಯ್ದ್ರಾ?" ಎಂದಳು ಮೆಹಿಟಬೆಲ್.

"ಚರ್ಮಕ್ಕೆ ಚಾಕು ತಾಗಿಸ್ದೆ ಅಷ್ಟೆ. ರಕ್ತ ನೋಡಿ ಅವರಿಗೆ ಸಾಕಾಯ್ತು. ಕಿವಿ ಇದೆ ಕಣೆ."

ಮರುದಿನ ಅವನು ಹೊಸ ಚಾಕು ತಂದ. ಹಳೆಯದು ಎಲ್ಲಿ ಎಂದು ಅವಳು ಕೇಳಲಿಲ್ಲ.

*

ಮೆಹಿಟಬೆಲ್ ಗುಂಡಿಯ ಅಂಚಿನಲ್ಲಿ ಮಂಡಿಯೂರಿದಳು.

"ದೇವರೇ, ಈ ಮನುಷ್ಯನನ್ನ ನಿನ್ನ ಹತ್ರ ಕರ್ಕೋ."

ಜನ ಹಿಂದೆ ಸರಿದರು. "ಬಾಯ್ಮುಚ್ಚು," ಎಂದ ಥ್ರೂಪ್. ಚಾಟಿಯೇಟು ಬೀಳುತ್ತದೆಂದು ಅವಳಿಗೆ ಗೊತ್ತಿತ್ತು. ಬೀಳಲಿ, ಪ್ರಾರ್ಥನೆಗಾದರೂ ಮಗ ಟೋಪಿ ತೆಗೆದರೆ ಸಾಕು. "ಅವನ ತಪ್ಪನ್ನೆಲ್ಲ ಮನ್ನಿಸು," ಎಂದಳು.

ಜೋಥಮ್ ಟೋಪಿ ತೆಗೆದ.

ಬಲಗಡೆ ಕಿವಿಯಿರಲಿಲ್ಲ. ತಲೆಗೆ ಒತ್ತಿ ಕತ್ತರಿಸಿದ, ಪೀಪಾಯಿಯ ಹಲಗೆ ಕೆತ್ತಿದಷ್ಟು ನಯವಾದ ಕಲೆ. ಅವಳ ಪ್ರಾರ್ಥನೆ ಅಲ್ಲೇ ನಿಂತಿತು.

"ಪೆಲ್‌ನ ಮಗ ಕಣ್ರೋ," ಎಂದಿತು ಒಂದು ದನಿ.

ದೊಣ್ಣೆ ಅದೇ ಕಲೆಯ ಮೇಲೆ ಬಿತ್ತು. ಎರಡನೆಯ ಏಟಿಗೆ ಹಲ್ಲುಗಳು ಹಿಮದ ಮೇಲೆ ಚೆಲ್ಲಿದವು. ಪೆಟ್ಟಿಗೆ ಇಳಿಸಿದ ಹಗ್ಗದಲ್ಲೇ ಕೈ ಕಟ್ಟಿ ಎಳೆದುಕೊಂಡು ಹೋದರು.

"ನಾಳೆ ಮುಚ್ತೀನಮ್ಮ," ಎಂದು ಈಲೈಯೂ ಗುಂಪಿನ ಹಿಂದೆ ಓಡಿದ.

ಮೆಹಿಟಬೆಲ್ ಸಲಿಕೆ ಎತ್ತಿಕೊಂಡಳು. ಹೆಪ್ಪುಗಟ್ಟಿದ ಹೆಂಟೆಗಳು ಹಲಗೆಯ ಮೇಲೆ ಕಲ್ಲಿನಂತೆ ಬಿದ್ದವು. ಸ್ವಲ್ಪ ಹೊತ್ತು ಹಾಕಿದಳು. ಆಮೇಲೆ ಸಲಿಕೆಯನ್ನು ಅಲ್ಲೇ ಬಿಟ್ಟು, ರಕ್ತ ತೊಟ್ಟಿಕ್ಕಿದ ದಾರಿ ಹಿಡಿದು ಸೆರೆಮನೆಯ ಕಡೆ ನಡೆದಳು. ಪೆಟ್ಟಿಗೆಯ ಮೇಲೆ ಆಗ ನಾಲ್ಕು ಅಂಗುಲ ಮಣ್ಣಿತ್ತು.