ಮುಚ್ಚಳಕ್ಕಂಟಿದ ಕ್ಯಾರೆಟ್

ಕೆಂಪು ದೀಪ ಉರಿಯುತ್ತಿದೆ ಎಂದರೆ ಬೇಯುತ್ತಿದೆ ಎಂದೇ ಅರ್ಥವಲ್ಲವೇ, ಇಷ್ಟು ಸಣ್ಣದನ್ನು ಯಾರ ಹತ್ತಿರ ಕೇಳುವುದು, ಡಿಗ್ರಿ ಮುಗಿಸಿದವಳು ದಿನವಿಡೀ ಕರೆಂಟಿನಲ್ಲಿ ನಿಧಾನಕ್ಕೆ ಬೇಯಿಸುವ ಒಂದು ಸ್ಲೋ ಕುಕ್ಕರ್‌ನ ಮುಂದೆ ಕೈಕಟ್ಟಿ ನಿಂತಿದ್ದಾಳೆಂದು ಗೊತ್ತಾದರೆ ನಗುತ್ತಾರೆ, ನಗಲಿ, ಆದರೆ ಬೆಳಗ್ಗೆ ಇಟ್ಟ ಕೋಳಿ ಸಂಜೆಯಾದರೂ ಘಮ ಎನ್ನುತ್ತಿಲ್ಲ, ಪಾತ್ರೆ ಕಂಠಮಟ್ಟ ತುಂಬಿದ್ದಕ್ಕೋ ಏನೋ ಗಾಜಿನ ಮುಚ್ಚಳದ ಒಳಮೈಗೆ ಒಂದು ಕ್ಯಾರೆಟ್ ಬಿಲ್ಲೆ ಅಂಟಿಕೊಂಡಿದೆ — ಬೀಳುವುದೂ ಇಲ್ಲ, ಬೇಯುವುದೂ ಇಲ್ಲ. ಮುಚ್ಚಳ ತೆಗೀಬೇಡ, ತೆಗೆದ್ರೆ ಬಿಸಿಯೆಲ್ಲ ಹಾರಿಹೋಗುತ್ತೆ, ಅಮ್ಮ ಕೆಲಸಕ್ಕೆ ಹೊರಡುತ್ತ ಚಪ್ಪಲಿ ಮೆಟ್ಟಿಕೊಂಡೇ ಹೇಳಿದ್ದು, ಗುಂಡಿ ತಿರುಗಿಸಿ ಬಿಟ್ಬಿಡು, ಅದರ ಪಾಡಿಗೆ ಅದು ಮಾಡ್ಕೊಳ್ಳುತ್ತೆ, ನಿನ್ನ ಹಾಗೇನೇ. ತನ್ನ ಹಾಗೆ ಎಂದರೇನು, ಸದ್ದಿಲ್ಲದೆ ಎಂದೋ, ನಿಧಾನ ಎಂದೋ, ಕೊನೆಗೆ ಹಾಕಬೇಕಾದ ಮಸಾಲೆ ಬಿಲ್ಲೆಗಳು ತಟ್ಟೆಯಲ್ಲಿ ಚಾಕೊಲೇಟಿನ ಹಾಗೆ ಕಾದು ಕೂತಿವೆ. ಕನ್ನಡಕದಂಗಡಿಯವರು ಎಲ್ಲೋ ಒಮ್ಮೆ ತಿಂದಿದ್ದರಂತೆ ಜಪಾನಿನವರ ಈ ಕೋಳಿ ಕರಿ, ಸೇಬು ತುರಿದು ಹಾಕಿದ್ದು, ಕೊಂಚ ಸಿಹಿ, ಅವರು ಅದರ ಮಾತೆತ್ತಿದಾಗ ಅಮ್ಮ ನಕ್ಕಿದ್ದಳು, ಅಪ್ಪ ಹೋದ ಮೇಲೆ ಆ ನಗುವನ್ನು ಎಲ್ಲಿ ಅಡಗಿಸಿಟ್ಟಿದ್ದಳೋ. ಇವತ್ತು ಅವರು ಊಟಕ್ಕೆ ಬರುತ್ತಾರೆ, ಊಟವಾದ ಮೇಲೆ ಅಮ್ಮ ಅವರನ್ನು ಮದುವೆಯಾಗಲು ಒಪ್ಪಿಗೆ ಎನ್ನುತ್ತಾಳೆ, ಯಾಕೆಂದರೆ ಮಗಳು ಹೂಂ ಎಂದಿದ್ದಾಳೆ. ನೀನು ಹೂಂ ಅಂದ್ರೆ ಮಾತ್ರ ಕಣೇ, ಇಲ್ಲಾಂದ್ರೆ ಇಲ್ಲ, ಅಮ್ಮ ಬಟ್ಟೆ ಮಡಿಸುತ್ತ, ಮುಖ ನೋಡದೆ ಹೇಳಿದ್ದು, ಆಗ ತನ್ನ ಬಾಯಿಂದ ಹೂಂ ತಾನಾಗಿ ಜಾರಿತ್ತು —

ಅವರಂಗಡಿಯ ಕಣ್ಣು ಪರೀಕ್ಷೆಯ ಆ ಕತ್ತಲೆ ಕೋಣೆಯಲ್ಲೂ ಹಾಗೇ ಜಾರಿತ್ತಲ್ಲ, ಮೂಗಿನ ಮೇಲೆ ಭಾರದ ಚೌಕಟ್ಟು, ಎದುರಿಗೆ ಬೆಳಕಿನ ಅಕ್ಷರಗಳು, ಕನ್ನಡಕದಂಗಡಿಯವರು ಗಾಜು ಬದಲಿಸುತ್ತ ಬದಲಿಸುತ್ತ, ಇದು ಚೆನ್ನಾಗಿದೆಯಾ, ಮೊದಲನೇದು ಚೆನ್ನಾಗಿತ್ತಾ, ಅವಸರ ಇಲ್ಲಮ್ಮ, ನೋಡಿ ಹೇಳು, ಬಾಗಿಲ ಬಳಿ ಅಮ್ಮ ಕಾಯುತ್ತಿದ್ದಾಳೆ, ಇನ್ನೊಮ್ಮೆ ತೋರಿಸಿ ಎಂದರೆ ಪಾಪ ಅವರಿಗೆ ಬೇಸರ ಎಂದುಕೊಂಡು ಅವಳು, ಹೂಂ, ಇದೇ. ಇದಾಗಿರಲಿಲ್ಲ. ಆ ಕನ್ನಡಕವೇ ಇವತ್ತಿಗೂ ಮುಖದ ಮೇಲಿದೆ, ಅದರೊಳಗಿಂದ ಯಾವ ಅಕ್ಷರ ನೋಡಿದರೂ ಒದ್ದೆಯಾದ ಹಾಗೆ, ಅವರು ಸಿಕ್ಕಾಗೆಲ್ಲ ಕಣ್ಣಿಗೆ ಹೊಂದಿಕೊಂಡಿತಾಮ್ಮ ಎಂದು ಕೇಳುತ್ತಾರೆ, ಅದಕ್ಕೂ ಹೂಂ. ಒಳ್ಳೆಯವರು, ಅದೇ ತಾಪತ್ರಯ, ಕೆಟ್ಟವರಾಗಿದ್ದರೆ ಸಲೀಸಾಗಿ ಬೇಡ ಎನ್ನಬಹುದಿತ್ತು, ಬೇಡ ಎನ್ನಬೇಕೆಂದಿದೆಯಾ, ಅದೂ ಗೊತ್ತಿಲ್ಲ, ಅಮ್ಮ ನಗಲಿ ಎಂದಿದೆ, ಅಪ್ಪನ ಕುರ್ಚಿ ಖಾಲಿ ಇರಲಿ ಎಂದೂ ಇದೆ, ಎರಡೂ ಒಂದೇ ಹೊಟ್ಟೆಯಲ್ಲಿ ಹೇಗೆ ಹಿಡಿಸುತ್ತವೆ. ಕನ್ನಡಕ ತೆಗೆದು, ಮೂಗು ತಾಗುವಷ್ಟು ಬಗ್ಗಿ ಗುಂಡಿಯನ್ನು ನೋಡಿದಳು. ಗೆರೆ ನಿಂತಿರುವುದು ಬೇಯಿಸುವ ಗುರುತಿನ ಮೇಲಲ್ಲ, ಬೆಂದದ್ದನ್ನು ಬೆಚ್ಚಗಿಡುವ ಗುರುತಿನ ಮೇಲೆ. ಅಂದರೆ ದಿನವಿಡೀ ಹಸಿ ಕೋಳಿಯನ್ನು ಹೊದಿಸಿ ಮಲಗಿಸಿದ್ದಾಳೆ, ಇನ್ನದು ತಿನ್ನಲಿಕ್ಕಾಗದು, ಎಸೆಯಬೇಕು, ಕಣ್ಣು ತಪ್ಪಿತೋ, ಕೈ ಬೇಕೆಂದೇ ತಪ್ಪಿತೋ, ಬೆಳಗ್ಗೆ ಗುಂಡಿ ತಿರುಗಿಸಿದ ಬೆರಳು ತನ್ನದೇ, ಅದನ್ನು ಕೇಳಿದರೆ ಅದೂ ಬಾಯಿ ಬಿಡುವುದಿಲ್ಲ, ಕ್ಯಾರೆಟ್ ಅಲ್ಲೇ ಇದೆ — ಬೀಗ ತಿರುಗಿದ ಸದ್ದು, ಅಮ್ಮ, ಹೊಸದಾಗಿ ಬಾಚಿದ ಕೂದಲು, ಏನೇ, ವಾಸನೇನೇ ಇಲ್ಲ, ನನಗೇ ಮೂಗು ಕಟ್ಟಿದ್ಯಾ, ಅವರು ಮೆಟ್ಟಿಲು ಹತ್ತುತಾ ಇದಾರೆ, ಮಂಡಿ ನೋವು ಪಾಪ, ಎಲ್ಲ ಸರಿ ಇದೆ ತಾನೆ ಪುಟ್ಟಿ — ಹೂಂ ನಾಲಿಗೆಯ ತುದಿಗೇ ಬಂದಿದೆ, ತುಟಿ ಬಿಚ್ಚಿದರೆ ಸಾಕು, ಅಮ್ಮನ ಕೈ ಮುಚ್ಚಳದ ಹಿಡಿಯ ಮೇಲೆ, ಮೆಟ್ಟಿಲ ಮೇಲೆ ನಿಂತು ನಿಂತು ಬರುವ ಹೆಜ್ಜೆ —

ಇಲ್ಲಮ್ಮ, ಬೆಂದಿಲ್ಲ, ಎಂದಳು. ಅವತ್ತು ನಿನ್ನ ಮದುವೆಗೆ ಹೂಂ ಅಂದೆನಲ್ಲ, ಅದೂ ಸುಮ್ನೆ ಅಂದಿದ್ದು. ನನಗಿನ್ನೂ ಗೊತ್ತಾಗ್ತಿಲ್ಲ.

ಅಮ್ಮನ ಕೈ ಹಿಡಿಯ ಮೇಲೇ ನಿಂತಿತು. ಅದರ ಕೆಳಗೆ, ಗಾಜಿಗೆ ಅಂಟಿಕೊಂಡು, ಕ್ಯಾರೆಟ್ ಬಿಲ್ಲೆ, ದುಂಡಗೆ, ಹಸಿಹಸಿ.