ಒಂದೇ ಬಾಗಿಲಿನ ವಠಾರ

ಯಿಟ್ಸ್ಕೆಯನ್ನು ಈ ವಠಾರಕ್ಕೆ ಕರೆತಂದವಳು ನಾನೇ. ತಪ್ಪನ್ನು ಇನ್ನು ಯಾರ ಮೇಲೆ ಹಾಕಲಿ?

ಮಾರ್ಚ್‌ನಲ್ಲಿ ನಮ್ಮ ಲೈಡನ್ ಊರಿಗೆ ಬಂದಾಗ ಅವಳ ಬಳಿ ಇದ್ದದ್ದು ಒಂದು ಸೂಟ್‌ಕೇಸು, ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲೊಂದು ಕೆಲಸ, ಎರಡು ಬಾಡಿಗೆ ಮನೆಗಳ ವಿಳಾಸ. ಅದೇ ಗ್ರಂಥಾಲಯದಲ್ಲಿ ಮೂವತ್ತು ವರ್ಷ ಪುಸ್ತಕ ಜೋಡಿಸಿ ನಿವೃತ್ತಳಾದವಳು ನಾನು, ಟ್ರೂಸ್. ಈಗಲೂ ಗುರುವಾರ ಕಾಫಿಗೆಂದು ಅಲ್ಲಿಗೆ ಹೋಗುತ್ತೇನೆ, ಹಾಗೆ ಪರಿಚಯವಾಯಿತು. ಒಂದು ಮನೆ ಊರಾಚೆ ಮೇರೆನ್‌ವೈಕ್‌ನ ಒಂಬತ್ತನೇ ಮಹಡಿಯಲ್ಲಿತ್ತು. ಇನ್ನೊಂದು ಹಳೇ ಪೇಟೆಯೊಳಗೆ, ನಮ್ಮ ವಠಾರದ ಏಳನೇ ನಂಬರು.

"ಒಂಬತ್ತನೇ ಮಹಡೀನೇ ವಾಸಿ ಆಂಟಿ," ಎಂದಳು. "ಅಲ್ಲಿ ಯಾರಿಗೆ ಯಾರೂ ಗೊತ್ತಿರಲ್ಲ. ರುಟ್ಗರ್ ಬಂದು ಕೇಳಿದ್ರೂ ಹೇಳೋರಿಲ್ಲ."

ರುಟ್ಗರ್ ಅವಳ ಗಂಡ. ಗ್ರೋನಿಂಗನ್‌ನಲ್ಲಿ ಅವನನ್ನು ಬಿಟ್ಟು ಓಡಿಬಂದಿದ್ದಳು. ಅವಳ ಬಲಗೈಯ ಎರಡು ಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಸಂದಿಯಲ್ಲಿಟ್ಟು ಬಾಗಿಲು ಹಾಕಿದ್ದನಂತೆ, ಪಾಪಿ. ಇನ್ನೊಮ್ಮೆ ಸಿಕ್ಕರೆ ಬೆರಳಿಗೇ ನಿಲ್ಲಿಸುವುದಿಲ್ಲ ಎಂದಿದ್ದನಂತೆ.

"ಅಯ್ಯೋ ಹುಚ್ಚಿ," ಎಂದೆ. "ಅಲ್ಲಿ ಸತ್ತು ಬಿದ್ರೂ ವಾರ ಕೇಳೋರಿಲ್ಲ ಕಣೇ. ನಮ್ಮಲ್ಲಿ ನೋಡು, ಹನ್ನೆರಡು ಮನೆ, ಒಂದೇ ಬಾಗಿಲು. ಸಂಜೆ ಆರಕ್ಕೆ ಆ ಗೇಟಿಗೆ ನಾನೇ ಬೀಗ ಹಾಕೋದು. ಒಂದು ನೊಣ ಬಂದ್ರೂ ನನ್ನ ಕಿಟಕಿ ದಾಟ್ಕೊಂಡೇ ಹೋಗ್ಬೇಕು."

"ಒಂದೇ ಬಾಗಿಲು ಅಂದ್ರೆ, ತಪ್ಪಿಸ್ಕೊಂಡು ಹೋಗೋಕೂ ಒಂದೇ ಅಲ್ವಾ?"

"ಎಲ್ಲದರಲ್ಲೂ ಒಂದು ಕೊಂಕು ತೆಗೀತೀಯಲ್ಲ!" ಎಂದು ಗದರಿದೆ. ನಕ್ಕಳು. ಏಪ್ರಿಲ್‌ನಲ್ಲಿ ಏಳನೇ ನಂಬರಿಗೆ ಬಂದಳು.

ಬಾಗಿಲಿಗೆ ಹೆಸರಿನ ಫಲಕ ಹಾಕಲಿಲ್ಲ. ಹಗಲಲ್ಲೂ ಕಿಟಕಿಗೆ ಪರದೆ ಎಳೆಯುತ್ತಿದ್ದಳು. ನಮ್ಮೂರಲ್ಲಿ ಹಾಗೆ ಮಾಡಿದರೆ ಜನ ಆಡಿಕೊಳ್ಳುತ್ತಾರೆ. ನಾನೇ ಎಲ್ಲರ ಬಾಯಿ ಮುಚ್ಚಿಸಿದೆ. "ಯಾರು ಕೇಳಿದ್ರೂ ನಾನಿಲ್ಲಿದೀನಿ ಅಂತ ಹೇಳ್ಬೇಡಿ ಆಂಟಿ," ಎಂದು ಬೇಡಿಕೊಂಡಿದ್ದಳು. "ನನ್ನ ಬಾಯಿ ಮೇಲೇ ಅನುಮಾನವಾ?" ಎಂದಿದ್ದೆ.

ಜೂನ್‌ನ ಒಂದು ಮಂಗಳವಾರ, ಮಧ್ಯಾಹ್ನ ಎರಡು ಗಂಟೆ. ಕಿಟಕಿಯ ಬಳಿ ಕೂತು ಬಟಾಣಿ ಬಿಡಿಸುತ್ತಿದ್ದೆ. ಹೆಲ್ಮೆಟ್ ಹಾಕಿದವನೊಬ್ಬ, ಮುಂದೆ ಪೆಟ್ಟಿಗೆ ಕಟ್ಟಿದ ಹಳದಿ ಸೈಕಲ್ ತಳ್ಳಿಕೊಂಡು ಬಂದ.

"ಯಿಟ್ಸ್ಕೆ ಅನ್ನೋರಿಗೆ ಪಾರ್ಸೆಲ್ ಅಮ್ಮಾ. ಮನೆ ನಂಬರು ನೆಂದು ಅಳಿಸಿಹೋಗಿದೆ. ನೀವು ತಗೋತೀರಾ?"

ಪಕ್ಕದ ಮನೆಯವರ ಪಾರ್ಸೆಲ್ ಇಸಿದುಕೊಳ್ಳದವರು ನಮ್ಮಲ್ಲಿ ಉಂಟೇ? ಕೈ ತಾನಾಗಿಯೇ ಮುಂದೆ ಹೋಯಿತು.

"ಏಳನೇ ನಂಬರಪ್ಪ. ಐದೂವರೆಗೆ ಬರ್ತಾಳೆ, ಕೊಡ್ತೀನಿ ಬಿಡು."

"ಒಬ್ರೇ ಇರೋದಾ? ಸ್ವಲ್ಪ ಭಾರ ಇದೆ."

"ಒಬ್ಳೇ ಪಾಪ. ನಾನಿದೀನಲ್ಲ."

ಎತ್ತಿದರೆ ಪೆಟ್ಟಿಗೆ ಹಗುರವಾಗಿಯೇ ಇತ್ತು. ಆಗಲೂ ನನಗೆ ಹೊಳೆಯಲಿಲ್ಲ.

ಐದೂವರೆಗೆ ಅವಳು ಬಂದಳು. ಪೆಟ್ಟಿಗೆ ಎತ್ತಿಕೊಂಡು ಹಿಂದೆಯೇ ಅವಳ ಮನೆಗೆ ಹೋದೆ.

"ಈ ವಿಳಾಸ ನಾನು ಯಾರಿಗೂ ಕೊಟ್ಟಿಲ್ಲ ಆಂಟಿ," ಎಂದಳು.

ಚಾಕುವಿನಿಂದ ಟೇಪು ಸೀಳಿದಳು. ಒಳಗೆ ಪಿಂಗಾಣಿಯ ನಾಮಫಲಕ, ಗ್ರೋನಿಂಗನ್ ಮನೆಯ ಬಾಗಿಲಿನಿಂದ ಕಿತ್ತದ್ದು: ರುಟ್ಗರ್, ಯಿಟ್ಸ್ಕೆ. ಜೊತೆಗೆ ಎರಡು ಹೊಸ ಸ್ಕ್ರೂ.

"ಮನೆ ನಂಬರು ಕೇಳಿದ್ನಾ?"

ನನ್ನ ನಾಲಿಗೆ ಸೇದಿಹೋಗ. ಹೌದೆಂದು ತಲೆಯಾಡಿಸಿದೆ.

"ನಾನು ಬರೋ ಹೊತ್ತು?"

"ಅವ್ನು ಕೇಳ್ಲಿಲ್ಲ ಮಗಾ. ನಾನೇ ಹೇಳ್ದೆ."

ಅವಳು ಬೈಯಲಿಲ್ಲ. ನಾಲ್ಕು ಬಾರಿಸಿದ್ದರೂ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

"ಚಿಲಕ ಹಾಕ್ಕೋ, ಪೊಲೀಸರಿಗೆ ಫೋನ್ ಮಾಡು. ನಾನು ಗೇಟಿಗೆ ಬೀಗ ಹಾಕ್ತೀನಿ, ಅದ್ಹೇಗೆ ಬರ್ತಾನೋ ನೋಡೋಣ!" ಎಂದವಳೇ ಮಂಡಿನೋವು ಮರೆತು ಓಡಿದೆ. ಹಿಂದೆ ಅವಳ ಚಿಲಕ ಬಿದ್ದ ಸದ್ದು ಕೇಳಿಸಿತು. ಗೇಟು ಎಳೆದು, ಕೀಲಿಯನ್ನು ಎರಡು ಸುತ್ತು ತಿರುಗಿಸಿದೆ. ಉಸಿರು ಬಿಟ್ಟು ಹಿಂದಿರುಗಿ ನೋಡಿದೆ.

ಅಂಗಳದ ಹಳೇ ನೀರಿನ ಪಂಪಿನ ಹಿಂದೆ ಆ ಹಳದಿ ಸೈಕಲ್ ನಿಂತಿತ್ತು. ಹ್ಯಾಂಡಲ್ಲಿನಲ್ಲಿ ಹೆಲ್ಮೆಟ್ ತೂಗುತ್ತಿತ್ತು.

ಏಳನೇ ನಂಬರಿನ ಬಾಗಿಲನ್ನು ಒಬ್ಬ ಬೆರಳಿನಿಂದ ಮೆಲ್ಲಗೆ ತಟ್ಟುತ್ತಿದ್ದ.

"ಬಾಗಿಲು ತೆಗಿ ಚಿನ್ನಾ," ಎನ್ನುತ್ತಿದ್ದ. "ಆಂಟಿ ಗೇಟಿಗೆ ಬೀಗಾನೂ ಹಾಕಿದ್ರು."